ಎಲುಬು ತಿನ್ನುವ ಹಕ್ಕಿ

ತೆಹ್ರಾನಿನ ಹಳೆಯ ವಿಮಾನ ನಿಲ್ದಾಣದ ಹಿಂಬದಿಯಲ್ಲಿ
ಯದೊಲ್ಲಾ ಏಣಿ ಹತ್ತುತ್ತಾನೆ.
ಅವನ ಕೆಲಸ ಒಂದೇ:
ಬಾಲದ ಮೇಲಿನ ನೀಲಿ ಹಕ್ಕಿ ಮಾಸದಂತೆ ನೋಡಿಕೊಳ್ಳುವುದು.
ಬಿಸಿಲು ನೀಲಿಯನ್ನು ಕೊಕ್ಕಿನ ಕಡೆಯಿಂದ ಮೇಯುತ್ತ ಬರುತ್ತದೆ.
ಮೂವತ್ತೊಂದು ವರ್ಷದಲ್ಲಿ
ಅದೇ ಒಂದು ಕಣ್ಣನ್ನು ಎಷ್ಟು ಸಲ ಬರೆದನೋ,
ಲೆಕ್ಕ ಇಟ್ಟದ್ದು ಅವನ ಬಲಭುಜ.

ಹುಮಾ ಅಂತ ಹೆಸರು.
ನೆಲಕ್ಕಿಳಿಯದ ಹಕ್ಕಿ,
ಕಾಲೇ ಇಲ್ಲವಂತೆ ಕೆಲವರ ಕತೆಯಲ್ಲಿ.
ಅದರ ನೆರಳು ಯಾರ ತಲೆಯ ಮೇಲೆ ಬಿತ್ತೋ
ಅವನೇ ದೊರೆ.
ಅಜ್ಜಿ ಮಹ್‌ಲಖಾ ಹೇಳುತ್ತಿದ್ದಳು
ದಾಳಿಂಬೆ ಬಿಡಿಸುತ್ತ, ಬೆರಳೆಲ್ಲ ಕೆಂಪಾಗಿ.
ಮರುಬೇಸಿಗೆ ಪೂರ್ತಿ ಹುಡುಗ ಟೋಪಿ ಬಿಸುಟು
ಮಾಳಿಗೆಯ ಮೇಲೆ ನಿಂತು ನಿಂತು
ಮೂಗಿನಲ್ಲಿ ರಕ್ತ ಬರಿಸಿಕೊಂಡ.

ಈಗ ದಿನಾ ಹನ್ನೆರಡೂವರೆಗೆ
ಆ ಹಕ್ಕಿಯ ನೆರಳಿನಲ್ಲೇ ಕೂತು ಬುತ್ತಿ ಬಿಚ್ಚುತ್ತಾನೆ:
ಸಂಗಕ್ ರೊಟ್ಟಿ, ಪನೀರು, ಒಂದು ಹಿಡಿ ಕಾಮಕಸ್ತೂರಿ.
ದೊರೆತನ ಬಂದಿಲ್ಲ.
ಸೊಂಟನೋವು ಬಂದಿದೆ.
ಇಳಿಯದ ಹಕ್ಕಿ ಸಂಜೆಗೆ ಇಳಿಯುತ್ತದೆ,
ಅದರ ಗಾಲಿಗೆ ಮರದ ತುಂಡು ಒಡ್ಡಿ
‘ನಿಲ್ಲು ತಾಯಿ’ ಅನ್ನುವವನೂ ಒಬ್ಬನಿದ್ದಾನೆ.

ಒಮ್ಮೆ ಮಗಳು ಗೊಲ್‌ನಾರ್ ಬಂದವಳು
ಕತ್ತೆತ್ತಿ ನೋಡಿ ಕೇಳಿದಳು:
ಅಪ್ಪಾ, ಹಕ್ಕಿಗೆಲ್ಲಿಯ ಕಿವಿ?

ನಿಜ. ಶೀರಾಜಿನಾಚೆ, ಸುಟ್ಟ ಅರಮನೆಯ
ಕಂಬದ ನೆತ್ತಿಯಲ್ಲಿ ಕಲ್ಲಾಗಿ ಕೂತಿತ್ತು ಇದರ ಮೂಲ.
ಸೂರನ್ನು ಹೊತ್ತಿತ್ತು, ಸೂರು ಹೋಯಿತು,
ಹೊರುವ ಭಂಗಿ ಹೋಗಲಿಲ್ಲ.
ಬಲ್ಲವರು ಹೇಳುತ್ತಾರೆ ಅದು ಹುಮಾ ಅಲ್ಲವೇ ಅಲ್ಲ,
ಅರ್ಧ ಸಿಂಹ, ಅರ್ಧ ಹದ್ದು,
ಅದರ ನಿಜದ ಹೆಸರನ್ನು ಕರೆಯುವವರು ಯಾರೂ ಉಳಿದಿಲ್ಲ.
ಸುತ್ತಲಿನವರು ಹುಮಾ ಅಂದರು,
ಅದಕ್ಕೇ ಓಗೊಟ್ಟಿತು.

ಇದೇನೂ ಹೇಳಲಿಲ್ಲ ಅವನು ಹುಡುಗಿಗೆ.
‘ಎಂಜಿನ್ನಿನ ಸದ್ದು ಸರಿಯಿದೆಯೋ ಇಲ್ಲವೋ
ಕೇಳಿಸಬೇಕಲ್ಲ ಮರೀ’ ಅಂದ.

ಕೇಳಿಸುವುದಕ್ಕೇನು ಬರ?
ಹೊರಗಿನಿಂದ ಒಂದು ತಿರುಪುಮೊಳೆಯೂ ಬಾರದ ಕಾಲ.
ಯಾರದೋ ಮೇಜಿನ ಮೇಲೆ ಯಾರದೋ ಸಹಿ,
ಇಲ್ಲಿ ಮೈದಾನದ ತುದಿಗೆ
ನಾಲ್ಕು ವಿಮಾನ ಸಾಲಾಗಿ ನಿಂತು ಸವೆಯುತ್ತಿವೆ.
ಒಂದರ ಪಂಪು ಇನ್ನೊಂದಕ್ಕೆ,
ಅದರ ಗಾಜು ಮಗದೊಂದಕ್ಕೆ.
ಮೊದಲು ಕುರ್ಚಿಗಳು ಹೋದವು, ಆಮೇಲೆ ತಂತಿ,
ಮೊನ್ನೆ ಮೂಗಿನ ತುದಿ.
ಬೆಳಕು ಈ ಕಡೆ ಹೊಕ್ಕು ಆ ಕಡೆ ಹೊರಡುತ್ತದೆ,
ಪಕ್ಕೆಲುಬು ಎಣಿಸಬಹುದು.

ಅಜ್ಜಿ ಕತೆಯ ಕೊನೆಗೆ ಹೇಳುತ್ತಿದ್ದಳು, ದನಿ ತಗ್ಗಿಸಿ:
ಹುಮಾ ಯಾವ ಜೀವವನ್ನೂ ಕೊಲ್ಲುವುದಿಲ್ಲ ಕಣೋ,
ಒಣ ಎಲುಬು ತಿಂದು ಹಾರುತ್ತದೆ.

(ನನ್ನ ನುಡಿಯಲ್ಲಿ ಹೋಮ ಅಂದರೆ
ಉರಿಗೆ ಒಪ್ಪಿಸುವುದು.
ಎರಡು ಮಾತಿಗೂ ನಂಟಿಲ್ಲ, ಗೊತ್ತು.
ಆ ನಾಲ್ಕನ್ನು ಕಂಡ ದಿನ
ನಾಲಿಗೆ ತಾನಾಗಿ ಎಡವಿತು.)

ಸತ್ತ ವಿಮಾನದ ಬಾಲಕ್ಕೆ ಬಿಳಿ ಬಳಿಯಬೇಕೆಂದು ಆಜ್ಞೆ.
ಯದೊಲ್ಲಾ ಬಳಿಯುತ್ತಾನೆ,
ಆದರೆ ಕಾಲು ಡಬ್ಬಿ ಬಣ್ಣಕ್ಕೆ ಅರ್ಧ ಡಬ್ಬಿ ಥಿನ್ನರು.
ಎರಡು ಬೇಸಿಗೆ ಕಳೆದರೆ ಸಾಕು,
ಮೊದಲು ಕಿವಿ, ಆಮೇಲೆ ಆ ಒಂದು ಕಣ್ಣು,
ತೊಳೆದ ಅಂಗಿಯಲ್ಲಿ ಉಳಿದ ಕಲೆಯ ಹಾಗೆ
ಮೆಲ್ಲಗೆ ಮೇಲೇಳುತ್ತದೆ.
ಮೇಲಧಿಕಾರಿ ಕೇಳಿದರೆ ಹೇಳುತ್ತಾನೆ:
ಬಿಳಿ ಕಳಪೆ ಸ್ವಾಮಿ, ನಾನೇನು ಮಾಡಲಿ.

ನಿನ್ನೆ ಹೊತ್ತು ಇಳಿಯುವಾಗ
ಆ ಮಸುಕು ಹಕ್ಕಿಯ ನೆರಳು ಉದ್ದವಾಗಿ
ತಂತಿಬೇಲಿ ದಾಟಿ ರಸ್ತೆಗೆ ಬಿತ್ತು.
ಉಪ್ಪುನೀರಿನಲ್ಲಿ ಹಸಿ ಅಕ್ರೋಟು ಅದ್ದಿ ಮಾರುವ ಹುಡುಗ
ಅದರೊಳಗೆ ಪೂರ್ತಿ ಮುಳುಗಿದ.
ಏಣಿಯ ಮೇಲಿಂದ ಯದೊಲ್ಲಾ ಉಸಿರು ಬಿಗಿಹಿಡಿದು ನೋಡಿದ.

ಹುಡುಗ ತಲೆ ಎತ್ತಲಿಲ್ಲ.
ಚಿಲ್ಲರೆ ಎಣಿಸುತ್ತಿದ್ದ.